ಮನೆ ಬಿಟ್ಟೂ ಮನೆಯಲ್ಲೇ ಇರುವವನು

"ಕೇಳ್ರಪ್ಪೋ ಕೇಳ್ರಿ! ಕಂಚಿನಕೋಟೆಯ ತಿಮ್ಮಭೂಪಾಲ ಮಹಾರಾಜರ ಅಪ್ಪಣೆ! ಬರುವ ಅಮಾವಾಸ್ಯೆಯಿಂದ ಯಾವ ನೇಕಾರನೂ ಮನೆಯಲ್ಲಿ ಕೂತು ಮಗ್ಗ ಹೊಡೆಯುವ ಹಾಗಿಲ್ಲ. ಬೆಳಗಾಗುತ್ತಲೇ ಕೋಟೆಯ ಚಾವಡಿಗೆ ಬಂದು ಕಾವಲಿನವರ ಕಣ್ಣೆದುರು ನೇಯಬೇಕು. ಒಲ್ಲೆ ಅನ್ನುವವರ ಪರವಾಗಿ ಯಾರಾದರೂ ರಾಜರ ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಅಪ್ಪಣೆ ವಾಪಸ್, ಮೇಲೆ ಕೇಳಿದ ಬಹುಮಾನ. ತಪ್ಪಿದರೆ ತಲೆದಂಡ!"

ಡಂಗುರ ಕೇರಿ ಕೇರಿ ಸುತ್ತಿತು. ರಾಜನ ಸಿಟ್ಟಿಗೂ ಕಾರಣವಿತ್ತು ಅನ್ನಿ. ಮಗಳ ಮದುವೆಗೆಂದು ಹೇಳಿದ ಸೀರೆಗಳು ಕೈಗೆ ಬಂದದ್ದು ಮೊಮ್ಮಗನ ನಾಮಕರಣಕ್ಕೆ. ಮನೆಯಲ್ಲಿ ಕೂತವನು ಕೆಲಸ ಮಾಡುವುದೂ ಒಂದೇ, ಬೆಕ್ಕು ಹಾಲು ಕಾಯುವುದೂ ಒಂದೇ ಅಂತ ಅವನು ತೀರ್ಮಾನಿಸಿಬಿಟ್ಟಿದ್ದ.

ನೇಕಾರರ ಕೇರಿಯ ಕೊನೆಯ ಮನೆ ಚೌಡಯ್ಯನದು. ಮನೆ ಅಂದರೆ ಇರುವುದೇ ಒಂದು ಕೋಣೆ. ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿ, ನಡುವೆ ಚಾಪೆಯ ಮೇಲೆ ಕಣ್ಣು ಕಾಣದ ತಾಯಿ ಬನವ್ವ.

"ನಾನು ದಿನವೆಲ್ಲ ಕೋಟೆಯಲ್ಲಿದ್ದರೆ ನಿನಗೆ ಗಂಜಿ ಕೊಡೋರು ಯಾರವ್ವಾ?" ಅಂದ ಚೌಡಯ್ಯ.

"ನನ್ನ ಗಂಜಿಗೆ ನಿನ್ನ ತಲೆ ಕೊಡ್ತೀಯೇನೋ ಹುಚ್ಚಪ್ಪಾ? ಸುಮ್ಮನಿರು!"

ಸುಮ್ಮನಿರುವುದು ಅವನಿಂದ ಆಗಲಿಲ್ಲ. ಹೆಗಲ ಮೇಲೆ ಟವಲ್ಲು ಹಾಕಿಕೊಂಡು ಅರಮನೆಗೆ ನಡೆದ.

ಅಲ್ಲಿ ಬಹುಮಾನದ ಆಸೆಗೆ ಬಂದವರು ಆಗಲೇ ಇಬ್ಬರಿದ್ದರು. ರಾಜ ಮೊದಲ ಒಗಟು ಹೇಳಿದ: "ಬಾಗಿಲು ಮುರಿಯದೆ, ಕನ್ನ ಕೊರೆಯದೆ ಒಬ್ಬ ಕಳ್ಳ ಬರ್ತಾನೆ. ನೀವೇ ಮಣೆ ಹಾಕಿ ಕೂರಿಸ್ತೀರಿ, ಎಲೆ ಅಡಿಕೆ ಕೊಡ್ತೀರಿ. ಕದ್ದುಕೊಂಡು ಹೊರಟಾಗ 'ಮತ್ತೆ ಬನ್ನಿ' ಅಂತೀರಿ. ಯಾರವನು?"

ಜವಳಿ ವ್ಯಾಪಾರಿಯ ಮಗ ಪುಟ್ಟನಂಜ ಎದ್ದು, "ಅಳಿಯ!" ಅಂದ. ಪಕ್ಕದಲ್ಲೇ ಕೂತಿದ್ದ ರಾಜನ ಅಳಿಯನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಪುಟ್ಟನಂಜನನ್ನು ಸೆರೆಮನೆಗೆ ಎಳೆದುಕೊಂಡು ಹೋದರು. ಆಮೇಲೆ ಜಟ್ಟಿ ಕೆಂಪರಾಜ ತೊಡೆ ತಟ್ಟಿ, "ನಿದ್ದೆ!" ಅಂದ.

"ನಿದ್ದೆಗೆ ಯಾರಯ್ಯಾ ಮಣೆ ಹಾಕ್ತಾರೆ? ಚಾಪೆ ಹಾಕ್ತಾರೆ. ಒಯ್ಯಿರಿ ಇವನನ್ನೂ!"

ಚೌಡಯ್ಯ ಹೆಗಲ ಟವಲ್ಲು ಕಂಕುಳಿಗೆ ಸಿಕ್ಕಿಸಿ ಮುಂದೆ ಬಂದ. ಕೈಮುಗಿದು ಹೇಳಿದ: "ಬುದ್ಧೀ, ಅವನು 'ಒಂದೇ ಗಳಿಗೆ' ಅಂತ ಬಂದು ಕೂರೋ ಹರಟೆಗಾರ. 'ಮನೇಲೇ ಇದ್ದೀಯಲ್ಲ, ನಿನಗೇನು ಕೆಲಸ' ಅಂತಾನೆ. ಅವನು ಕದಿಯೋದು ನಮ್ಮ ಹೊತ್ತನ್ನ."

ಸಭೆ "ಭಲೇ!" ಅಂದಿತು. ರಾಜ ಮೀಸೆ ತಿರುವಿ ಎರಡನೆಯದನ್ನು ಎಸೆದ: "ಒಬ್ಬ ಬೆಳಿಗ್ಗೆ ಒಂದು ಲೋಟ ನೀರಿಗೆ ಎದ್ದ. ಮಗ್ಗಕ್ಕೆ ವಾಪಸ್ ಬಂದಾಗ ದೀಪ ಹಚ್ಚೋ ಹೊತ್ತು. ಹೊಸಿಲು ದಾಟಲಿಲ್ಲ, ನಿದ್ದೆ ಮಾಡಲಿಲ್ಲ, ಯಾರೂ ಬರಲಿಲ್ಲ. ಎಲ್ಲಿಗೆ ಹೋಗಿದ್ದ?"

ಚೌಡಯ್ಯನಿಗೆ ನಗುವೇ ಬಂತು. "ಆ ದಾರಿ ನಾನೂ ತುಳಿದಿದ್ದೀನಿ ಸ್ವಾಮೀ! ಅವನು ತನ್ನ ಮನೆಯೊಳಗೇ ಕಳೆದುಹೋಗಿದ್ದ. ನೀರಿಗೆ ಎದ್ದರೆ ಬಿಂದಿಗೆ ತೊಳೀಬೇಕು ಅನ್ಸುತ್ತೆ. ತೊಳೆಯೋಕೆ ಹೋದರೆ ಒಲೆ ಬೂದಿ ಕಾಣುತ್ತೆ. ಬೂದಿ ತೆಗೆದರೆ ಗೋಡೆ ಸಾರಿಸು ಅನ್ನುತ್ತೆ. ಒಂದೊಂದು ಕೆಲಸವೂ 'ನನ್ನ ಮೊದಲು ನೋಡು' ಅಂತ ಕೈ ಹಿಡಿದು ಎಳೀತದೆ."

ಈಗ ರಾಜ ಸಿಂಹಾಸನದಿಂದ ಎದ್ದೇ ನಿಂತ. "ಕೊನೆಯದು. ಅವನು ದಿನಾ ಮನೆ ಬಿಟ್ಟು ಕೆಲಸಕ್ಕೆ ಹೋಗ್ತಾನೆ, ಆದರೆ ಮನೆಯಲ್ಲೇ ಇರ್ತಾನೆ. ಕಣ್ಣೆದುರೇ ಇದ್ದರೂ ಯಾರೂ ಅವನನ್ನ ಕರೆಯಲ್ಲ. ಯಾರು?"

"ನಾನೇ, ಬುದ್ಧೀ."

"ತಪ್ಪು!" ರಾಜ ಗುಡುಗಿದ. "ಉತ್ತರ: ಅಂಥವನು ಯಾರೂ ಇಲ್ಲ! ಇಲ್ಲ ಅಂತಲೇ ನಿಮ್ಮನ್ನ ಕೋಟೆಗೆ ಕರೆಸ್ತಿರೋದು!"

"ಇದ್ದೀನಲ್ಲಾ! ಬೆಳಿಗ್ಗೆ ಬಂದು ನೋಡಿ ಸ್ವಾಮೀ."

"ಬರ್ತೀನಿ. ಸುಳ್ಳಾದರೆ ನಿನ್ನ ಮಗ್ಗದ ಕುಣಿಯಲ್ಲೇ ನಿನ್ನನ್ನ ಹೂಳಿಸ್ತೀನಿ."

ಬೆಳಗಾಯಿತು. ರಾಜ ರುಮಾಲು ಸುತ್ತಿಕೊಂಡು, ದಾರಿಹೋಕನ ಹಾಗೆ ಚೌಡಯ್ಯನ ಜಗಲಿಗೆ ಒರಗಿ ನಿಂತ. ಒಳಗೆ ಚೌಡಯ್ಯ ತಾಯಿಯ ಕೈಗೆಟುಕುವಂತೆ ನೀರಿಟ್ಟು, ರೊಟ್ಟಿಯ ಗಂಟು ಹಿಡಿದು, "ಅವ್ವಾ, ಕೆಲಸಕ್ಕೆ ಹೋಗಿ ಬರ್ತೀನಿ" ಅಂದ.

"ಹುಷಾರಾಗಿ ಹೋಗಿ ಬಾ ಮಗಾ. ಮಧ್ಯಾಹ್ನ ಗಂಜಿ ಹೊತ್ತಿಗೆ ಬಂದುಬಿಡು."

ಮುಂಬಾಗಿಲಿಂದ ಹೊರಟ. ಕೇರಿಯ ತುದಿಯ ಗುಡಿಗೆ ಕೈಮುಗಿದ. ಸುತ್ತು ಹಾಕಿ ಹಿತ್ತಿಲ ಬಾಗಿಲಿಂದ ಒಳಗೆ ಬಂದು ಕುಣಿಗಿಳಿದ. ಲಾಳಿ ಓಡತೊಡಗಿತು. ಕೋಳಿ ಒಳಗೆ ನುಗ್ಗಿ ರಾಗಿ ಕೆದಕಿತು, ಅವನು ತಲೆ ಎತ್ತಲಿಲ್ಲ. ನೆರೆಮನೆಯ ಮುದುಕ ಇಣುಕಿ, "ಚೌಡಯ್ಯ ಇದಾನಾ?" ಅಂದ.

"ಕೆಲಸಕ್ಕೆ ಹೋಗಿದಾನೆ ಕಣಣ್ಣ" ಅಂದಳು ಬನವ್ವ.

ಮುದುಕ ಮಗ್ಗದಲ್ಲಿ ಕೂತ ಚೌಡಯ್ಯನನ್ನು ಕಣ್ತುಂಬ ನೋಡಿ, "ಹಂಗಾದ್ರೆ ಸಂಜೆ ಬರ್ತೀನಿ" ಅಂತ ಹೊರಟೇಹೋದ!

ರಾಜನಿಗೆ ತಡೆಯಲಾಗಲಿಲ್ಲ. "ಏ ಚೌಡಯ್ಯಾ!" ಅಂತ ಕೂಗಿದ.

ಬನವ್ವ ಊರುಗೋಲು ಎತ್ತಿದಳು. "ಯಾವನಯ್ಯಾ ಅದು? ಹೊರಟವನನ್ನ ಹಿಂದಿನಿಂದ ಕರೆದರೆ ಕೆಲಸ ಕೆಡುತ್ತೆ ಅಂತ ನಿಮ್ಮವ್ವ ಕಲಿಸಲಿಲ್ವಾ ನಿನಗೆ?"

ಮರೆಯಲ್ಲಿದ್ದ ಕಾವಲಿನವರು "ಮಹಾರಾಜರಿಗೇ ಕೋಲು ಎತ್ತುತ್ತೀಯಾ?" ಅಂತ ಮುಂದೆ ನುಗ್ಗಿದರು. ರಾಜ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಕಲಿಸಿದ್ದಳು ತಾಯೀ, ನಾನೇ ಮರೆತಿದ್ದೆ. ನಿನ್ನ ಮಗ ಗೆದ್ದ!"

ರಾಜನ ಗುರುತು ಸಿಕ್ಕಿ ಬನವ್ವ ಕೋಲು ಬಚ್ಚಿಡಲು ನೋಡಿದಳು. ಚೌಡಯ್ಯ ಕುಣಿಯಿಂದೆದ್ದು ಕೈಮುಗಿದ. "ಬಹುಮಾನ ಕೇಳಯ್ಯಾ" ಅಂದರೆ, ಪುಟ್ಟನಂಜ, ಕೆಂಪರಾಜರ ತಲೆ ಉಳಿಸಿಕೊಡಿ ಅಂತ ಕೇಳಿದ. ರಾಜ ಅವರನ್ನು ಬಿಡಿಸಿದ, ಅಪ್ಪಣೆ ಹಿಂದಕ್ಕೆ ಪಡೆದ, ತನ್ನ ಕೈಯ ಚಿನ್ನದ ಕಡಗ ಬಿಚ್ಚಿ ಚೌಡಯ್ಯನಿಗೆ ತೊಡಿಸಿದ. ಕೇರಿಯವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮಾರನೆಯ ದಿನದಿಂದ ಕೇರಿಯ ಗಂಡಸರು ಹೆಂಗಸರೆಲ್ಲ ಹೋಗಿ ಬರ್ತೀನಿ ಅಂತ ಹೊರಟು, ತಮ್ಮ ತಮ್ಮ ಹಿತ್ತಿಲಿಂದ ತಮ್ಮ ತಮ್ಮ ಮಗ್ಗಕ್ಕೆ ಬಂದು ಕೂತರು.

ಅರಮನೆಯೂ ಮನೆಯೇ ತಾನೇ? ಅಲ್ಲಿ ಪ್ರಜೆಗಳ ದೂರುಗಳು ಎಷ್ಟೋ ಕಾಲದಿಂದ ತೀರ್ಪಿಲ್ಲದೆ ಬಿದ್ದಿದ್ದವು. ಅದೇ ಬೆಳಿಗ್ಗೆ ತಿಮ್ಮಭೂಪಾಲ ಪೇಟ ಕಟ್ಟಿಕೊಂಡು ರಾಣಿಗೆ, "ಹೋಗಿ ಬರ್ತೀನಿ ಕಣೇ" ಅಂದ. ಕುದುರೆಲಾಯದ ಬದಿಯಿಂದ ಸುತ್ತಿ ಬಂದು ನ್ಯಾಯಪೀಠದ ಮೇಲೆ ಕೂತ. ಅಳಿಯ ಪಗಡೆ ಹಾಸು ಹಿಡಿದು ಬಾಗಿಲಿಗೆ ಬಂದರೆ ರಾಣಿ ಅಡ್ಡ ನಿಂತಳು. "ಮಹಾರಾಜರು ಮನೆಯಲ್ಲಿಲ್ಲ. ಸಂಜೆ ಬನ್ನಿ."