ಬ್ಯಾಟರಿ ಸೈಕಲ್ಲಿಗೆ ಸುಳ್ಳು ಹೇಳಿದ ಸೊಣ್ಣಪ್ಪ

ಬಹಳ ಹಿಂದೆ ಕಾಗೆಬಂಡೆ ಅಂತ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬ್ಯಾಟರಿ ಸೈಕಲ್ಲುಗಳು ಆಗತಾನೇ ಬೆಟ್ಟ ಹತ್ತುವುದನ್ನು ಕಲಿತಿದ್ದ ಕಾಲ ಅಂತಿಟ್ಟುಕೊಳ್ಳಿ. ಬಂಡೆಯ ನೆತ್ತಿಯ ಮೇಲೆ ಊರು, ಊರ ತುಂಬ ರೇಷ್ಮೆ ಹುಳ. ಆ ಊರಲ್ಲಿ ಸೊಣ್ಣಪ್ಪ ಅಂತ ಒಬ್ಬ ರಿಪೇರಿಯವನಿದ್ದನಂತೆ. ಅವನು ಮುಟ್ಟಿದ ಚಕ್ರ ತಿರುಗದೇ ಉಳಿದದ್ದಿಲ್ಲವಂತೆ. ಅವನು ಯಾರನ್ನೂ ನಂಬಿದ್ದೂ ಇಲ್ಲವಂತೆ.

ನಂಬದಿರುವುದು ಅಂದರೆ ಸಾಮಾನ್ಯದ್ದಲ್ಲ. ಮನೆಗೆ ಬೀಗ ಹಾಕಿ ಸ್ವಲ್ಪ ದೂರ ಹೋಗಿ, ವಾಪಸ್ಸು ಬಂದು ಬೀಗ ಜಗ್ಗಿ ನೋಡುತ್ತಿದ್ದ. ಮತ್ತೆ ಹೋಗಿ, ಜಗ್ಗಿದ್ದಕ್ಕೇ ಸಡಿಲವಾಯಿತೋ ಏನೋ ಅಂತ ಮತ್ತೆ ಬರುತ್ತಿದ್ದ. ಯಾರಾದರೂ ಮದುವೆಗೆ ಕರೆದರೆ ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಅಂದುಕೊಳ್ಳುತ್ತಿದ್ದ. ಕರೆಯದಿದ್ದರೆ ಅಲ್ಲೇನೋ ನಡೀತಿದೆ ಅಂದುಕೊಳ್ಳುತ್ತಿದ್ದ. ರಿಪೇರಿಗೆ ಏನು ಕೊಟ್ಟರೂ ಕೊಟ್ಟವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡೇ ಬಿಚ್ಚುತ್ತಿದ್ದ. ಒಳಗೆ ಏನು ಮಾಡಿದ, ಏನು ತೆಗೆದ, ಏನು ಹಾಕಿದ, ಒಬ್ಬರಿಗೂ ತಿಳಿಯುತ್ತಿರಲಿಲ್ಲ.

ಅದೇ ಊರಲ್ಲಿ ಪಿಳ್ಳಮ್ಮ ಅಂತ ಒಬ್ಬಳು ಹುಳ ಸಾಕುತ್ತಿದ್ದಳು. ಅವಳ ತಾಯಿ ಅಕ್ಕಯ್ಯಮ್ಮ ಹುಳ ಸಾಕುವುದಲ್ಲದೆ, ಗೂಡು ಬೇಯಿಸಿ ಚರಕದ ಮೇಲೆ ನೂಲನ್ನೂ ತೆಗೆಯುತ್ತಿದ್ದಳಂತೆ. ಅಕ್ಕಯ್ಯಮ್ಮನ ನೂಲು ಅಂದರೆ ಸುತ್ತಲ ಊರುಗಳಲ್ಲಿ ಒಂದು ಮಾತಿತ್ತು. ವಯಸ್ಸಾದ ಮೇಲೆ ಒಂದು ಸಲ ಚರಕ ಕಿರುಗುಟ್ಟಿತು ಅಂತ ಸೊಣ್ಣಪ್ಪನಿಗೆ ಕೊಟ್ಟಳು. ಹಿತ್ತಾಳೆ ಚಕ್ರಗಳ ಹಲ್ಲು ಸವೆದುಹೋಗಿವೆ ಅಂತ ಅವನು ಮರದ ಚಕ್ರ ಹಾಕಿ ಕೊಟ್ಟ. ಅವತ್ತಿನಿಂದ ನೂಲು ನಡುನಡುವೆ ತುಂಡಾಗಿ ಹರಿಯತೊಡಗಿತು. ಕೇಳಿದರೆ, ಚರಕ ಸರಿಯಾಗಿದೆ, ಅಜ್ಜಿ ಕೈ ಕೆಟ್ಟಿದೆ ಅಂದ. ಊರೂ ಹಾಗೇ ಅಂದಿತು. ಪಿಳ್ಳಮ್ಮನೂ ಒಂದು ದಿನ, ಕೈ ನಡುಗುತ್ತೆ ಸಾಕು ಬಿಡಮ್ಮ ಅಂದಿದ್ದಳು. ಅಕ್ಕಯ್ಯಮ್ಮ ಚರಕ ಅಟ್ಟಕ್ಕೆ ಹಾಕಿದಳು. ಆಮೇಲೆ ಜಗುಲಿ ಮೇಲೆ ಕೂತು ತನ್ನ ಅಂಗೈ ತಾನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳಂತೆ. ಹಾಗೇ ನೋಡಿಕೊಳ್ಳುತ್ತಲೇ ಹೋಗಿಬಿಟ್ಟಳು. ಆ ನೋಟ ಪಿಳ್ಳಮ್ಮನಿಗೆ ಮರೆಯಲಿಲ್ಲ.

ಹುಳದ ವಿಷಯದಲ್ಲಿ ಪಿಳ್ಳಮ್ಮ ಸೊಣ್ಣಪ್ಪನಿಗಿಂತ ಕಡಿಮೆ ಅನುಮಾನದವಳೇನಲ್ಲ. ಸುಣ್ಣದ ನೀರಲ್ಲಿ ಕಾಲು ತೊಳೆಯದೆ ಹುಳದ ಮನೆಗೆ ಯಾರೂ ಕಾಲಿಡುವ ಹಾಗಿರಲಿಲ್ಲ. ಒಗ್ಗರಣೆ ವಾಸನೆ ಆಚೆಯೇ ಇರಬೇಕು. ಹುಳ ಹೇಗಿವೆ ಅಂತ ಯಾರಾದರೂ ಕೇಳಿದರೆ, ಯಾಕೆ ಕೇಳಿದ ಅಂತ ಅವತ್ತೆಲ್ಲ ಯೋಚಿಸುತ್ತಿದ್ದಳು. ಗುರುತಿಲ್ಲದ ಗಂಟು, ಮುಚ್ಚಿದ ಬುಟ್ಟಿ ಹೊಸಲು ದಾಟುವಂತಿಲ್ಲ. ಇದು ಅವಳೊಬ್ಬಳದಲ್ಲ, ಊರಿನ ಕಟ್ಟಳೆಯೇ. ಆದರೂ ಎರಡು ಬೆಳೆ ಅವಳಿಗೆ ಕೈಕೊಟ್ಟಿದ್ದವು. ಇದೂ ಹೋದರೆ ಹುಳದ ತಟ್ಟೆಗಳನ್ನು ತಾಯಿಯ ಚರಕದ ಪಕ್ಕ ಅಟ್ಟಕ್ಕೆ ಹಾಕಿ, ಕಂಡವರ ಮನೆಯ ಹುಳಕ್ಕೆ ಸೊಪ್ಪು ಕೊಯ್ದು ಬದುಕಬೇಕಾಗಿತ್ತು.

ಆ ವರ್ಷ ಆಲಿಕಲ್ಲು ಬಿದ್ದು ಬೆಟ್ಟದ ಮೇಲಿನ ಹಿಪ್ಪುನೇರಳೆಯೆಲ್ಲ ಚಿಂದಿಯಾಯಿತು. ಹುಳಗಳು ಆಗತಾನೇ ಕೊನೆಯ ಜ್ವರ ಎದ್ದಿದ್ದವು. ಹುಳ ತಿನ್ನದೆ ಬಿದ್ದುಕೊಂಡು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುವುದು. ಕೊನೆಯ ಜ್ವರ ಎದ್ದ ಹುಳದ ಹಸಿವು ಕಂಡವರಿಗೇ ಗೊತ್ತು, ಸೊಪ್ಪು ಹಾಕಿದರೆ ಮನೆಯೊಳಗೆ ಮಳೆ ಬಿದ್ದ ಹಾಗೆ ಸದ್ದು. ಸೊಪ್ಪು ಇದ್ದದ್ದು ಕೆಳಗೆ, ಕೆರೆ ಹಿಂದಿನ ತೂಬಿನಹಳ್ಳಿಯಲ್ಲಿ. ತರಲು ಬೆಳೆಗಾರರ ಸಂಘದವರು ಬ್ಯಾಟರಿ ಸೈಕಲ್ಲುಗಳನ್ನು ಕೊಟ್ಟಿದ್ದರು. ದಪ್ಪ ಟೈರು, ಮುಂದೆ ಸ್ಪ್ರಿಂಗಿನ ಕಾಲು. ಕಲ್ಲು ಕೊರಕಲು ಯಾವುದಕ್ಕೂ ಹೆದರದ ಸೈಕಲ್ಲು. ಪೆಡಲು ತುಳಿದರೆ ಹಿಂದಿನಿಂದ ಯಾರೋ ನೂಕಿದ ಹಾಗೆ ಹೋಗುತ್ತಿತ್ತು. ಆದರೆ ಎತ್ತಿನ ಗಾಡಿಯನ್ನು ಹಿಂದೆ ಹಾಕುವಷ್ಟು ವೇಗ ಬಂತೋ ಇಲ್ಲವೋ, ಮೋಟಾರು ಸುಮ್ಮನಾಗಿಬಿಡುತ್ತಿತ್ತು. ಆಮೇಲೆ ಅದರ ಭಾರವನ್ನೂ ಸೊಪ್ಪಿನ ಭಾರವನ್ನೂ ತುಳಿಯುವವರೇ ಎಳೆಯಬೇಕು. ಕೆರೆ ಏರಿಯ ಉದ್ದಕ್ಕೂ ಇದೇ ಗೋಳು. ಬೆಟ್ಟ ಸೇರುವ ಹೊತ್ತಿಗೆ ಬಿಸಿಲೇರಿ ಸೊಪ್ಪು ಬಾಡಿ ಜೋತುಬೀಳುತ್ತಿತ್ತು. ಹುಳಗಳು ಬಾಡಿದ್ದನ್ನು ಮೂಸದೆ, ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು.

ಸೈಕಲ್ಲಿಗೆ ಅಷ್ಟೇ ಶಕ್ತಿ ಅಂತ ಎಲ್ಲರೂ ಒಪ್ಪಿಕೊಂಡರು. ಒಪ್ಪದವನು ಸೊಣ್ಣಪ್ಪ ಒಬ್ಬನೇ. ಇದು ನಿಲ್ಲುತ್ತಿಲ್ಲ, ಇದನ್ನು ಯಾರೋ ನಿಲ್ಲಿಸುತ್ತಿದ್ದಾರೆ ಅಂದನಂತೆ. ಒಂದು ಸೈಕಲ್ಲು ಒಳಗೆ ಎಳೆದುಕೊಂಡು ಬಾಗಿಲು ಹಾಕಿದ. ತಲೆಕೆಳಗು ಮಾಡಿ ಹಿಂದಿನ ಚಕ್ರ ತಿರುಗಿಸುತ್ತ ಕೂತ. ಒಂದು ಕಡ್ಡಿಯ ಮೇಲೆ ಬಟಾಣಿಯಷ್ಟು ಅಯಸ್ಕಾಂತ, ಎದುರಿಗೆ ಕಂಬಿಯ ಮೇಲೆ ಒಂದು ಕಣ್ಣು. ಅಯಸ್ಕಾಂತ ಎದುರಿಗೆ ಹಾದುಹೋದಾಗಲೆಲ್ಲ ಕಣ್ಣು ಲೆಕ್ಕ ಇಡುತ್ತದೆ. ಬೇಗ ಬೇಗ ಹಾದರೆ ಮೋಟಾರಿಗೆ ಚಾಡಿ ಹೇಳುತ್ತದೆ. ಅಯಸ್ಕಾಂತ ಕಿತ್ತು ನೋಡಿದ. ಮೋಟಾರು ಪೂರ್ತಿ ಮುಷ್ಕರ ಹೂಡಿತು. ಸುದ್ದಿ ಬಂದರೂ ಅನುಮಾನ, ಬರದಿದ್ದರೂ ಅನುಮಾನ. ಆಗ ಸೊಣ್ಣಪ್ಪ ಜೀವಮಾನದಲ್ಲಿ ಮೊದಲ ಸಲ ನಕ್ಕನಂತೆ, ತನ್ನಂಥದ್ದೇ ಒಂದು ಜೀವ ಈ ಮೋಟಾರಿನ ಪೆಟ್ಟಿಗೆಯೊಳಗೆ ಕೂತಿದೆ ಅಂತ.

ತನ್ನಂಥವರಿಗೆ ಎಂಥ ಸುಳ್ಳು ಹೇಳಬೇಕು ಅಂತ ಅವನಿಗೆ ಗೊತ್ತಿತ್ತು. ಸುದ್ದಿ ನಿಲ್ಲಿಸಬಾರದು, ನಿಧಾನ ಮಾಡಬೇಕು. ಹಿಂದಿನ ಚಕ್ರದ ನಡುವಿನ ಗುಂಬಕ್ಕೆ ಒಂದು ಚಿಕ್ಕ ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡಂತೆ ಒಂದು ದೊಡ್ಡ ಹಲ್ಲುಚಕ್ರ, ಅಯಸ್ಕಾಂತ ದೊಡ್ಡದರ ಮೇಲೆ. ಚಿಕ್ಕದು ಎರಡು ಸುತ್ತು ಸುತ್ತಿದರೆ ದೊಡ್ಡದು ಒಂದೇ ಸುತ್ತು. ಓಡುತ್ತಿರುವ ಸೈಕಲ್ಲು ನಡೆಯುತ್ತಿದೆ ಅಂತ ಕಣ್ಣು ನಂಬಿಬಿಡಬೇಕು. ಮೊದಲು ಹಲಸಿನ ಮರದಲ್ಲಿ ಕೆತ್ತಿದ. ಒದ್ದೆ ಸೊಪ್ಪಿನ ನೀರು ತೊಟ್ಟಿಕ್ಕಿ ಮರ ಉಬ್ಬಿ ಹಿಡಿದುಕೊಂಡಿತು. ಆಮೇಲೆ ಹಲ್ಲುಚಕ್ರ ಬಿಟ್ಟು, ಹಳೇ ಟ್ಯೂಬು ಕತ್ತರಿಸಿ ಪಟ್ಟಿ ಹಾಕಿದ. ಅದು ಏರಿಯ ಮೇಲೆ ಜಾರಿ ಹಾರಿಹೋಯಿತು. ಕೊನೆಗೆ ಮೂಲೆಯ ಪೆಟ್ಟಿಗೆಯಿಂದ ಎಂಥದೋ ತೆಗೆದು ಹಾಕಿದನಂತೆ. ಏನು ಅಂತ ಯಾರೂ ನೋಡಲಿಲ್ಲ. ಅದರ ಮೇಲೆ ಗೋಣಿತಾಟು ಸುತ್ತಿ, ಗಂಟಿನ ಮೇಲೆ ಗಂಟು ಬಿಗಿದಿದ್ದ.

ಮಾರನೆಯ ಬೆಳಿಗ್ಗೆ ಆ ಸೈಕಲ್ಲು ಏರಿಯ ಮೇಲೆ ಹೋದದ್ದನ್ನು ಕಂಡವರು ಬೇರೆ ಬೇರೆ ಥರ ಹೇಳುತ್ತಾರೆ. ಅದರ ನೆರಳು ಹಿಂದೆ ಉಳಿದುಬಿಟ್ಟಿತ್ತು ಅನ್ನುವವರಿದ್ದಾರೆ. ಕೆರೆಯ ಕೊಕ್ಕರೆ ಜೊತೆಗೆ ಹಾರಲು ಹೋಗಿ ಸೋತು ಕೂತಿತು ಅನ್ನುವವರಿದ್ದಾರೆ. ಅದೆಲ್ಲ ಬಿಡಿ, ಸೊಪ್ಪಿನ ಮೇಲಿನ ಇಬ್ಬನಿ ಆರುವ ಮುಂಚೆ ಸೊಣ್ಣಪ್ಪ ಬೆಟ್ಟದ ಮೇಲಿದ್ದ ಅನ್ನುವುದಂತೂ ನಿಜ.

ಆದರೆ ಆ ಸೊಪ್ಪನ್ನು ಯಾರೂ ಮುಟ್ಟಲಿಲ್ಲ. ಚಕ್ರದ ಮೇಲೆ ಬಿಗಿದ ಆ ಗಂಟಿನೊಳಗೆ ಏನಿದೆ? ಸ್ಮಶಾನದ ಮೂಳೆ ಇದೆ ಅಂದರು. ಹೆಣ್ಣು ಮುಂಗುಸಿ ಸಾಕಿದ್ದಾನೆ, ಅದೇ ಓಡಿಸುವುದು ಅಂದರು. ಲೈಟು ಕಂಬದಿಂದ ಕರೆಂಟು ಕದ್ದು ಕಟ್ಟಿಟ್ಟಿದ್ದಾನೆ ಅಂದರು. ಸೊಣ್ಣಪ್ಪ ಯಾರನ್ನೂ ಕೇಳದೆ ಮನೆ ಮನೆ ದಾಟಿ ಪಿಳ್ಳಮ್ಮನ ಹೊಸಲ ಮುಂದೆ ಸೈಕಲ್ಲು ನಿಲ್ಲಿಸಿದ. ಪಿಳ್ಳಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಗಂಟು ಬಿಚ್ಚಿ ತೋರ್ಸು," ಅಂದಳು.

"ಬಿಚ್ಚಾಕಿಲ್ಲ. ಸೊಪ್ಪು ಬೇಕಾದ್ರೆ ಇಳಿಸ್ಕೋ, ಬ್ಯಾಡ್ದಿದ್ರೆ ಬಿಡು," ಅಂದ ಸೊಣ್ಣಪ್ಪ.

"ಎಲ್ಲಾರ್ನೂ ಬಿಟ್ಟು ನನ್ ಮನೆಗ್ಯಾಕ್ ತಂದೆ?"

ಅವನು ಮುಖ ತಿರುಗಿಸಿದ. ಒಳಗೆ ಹುಳಗಳು ತಲೆ ಎತ್ತಿಕೊಂಡಿದ್ದವು. ಪಿಳ್ಳಮ್ಮ ಸೊಪ್ಪನ್ನು ಮೂಸಿದಳು, ಬಿಡಿಸಿ ನೋಡಿದಳು, ಬೆರಳಲ್ಲಿ ಹಿಸುಕಿದಳು. ಒಂದೇ ಒಂದು ತಟ್ಟೆಗೆ ಹಾಕಿ ಪಕ್ಕದಲ್ಲೇ ಕೂತಳು. ಸತ್ತರೆ ಒಂದು ತಟ್ಟೆ ಸಾಯಲಿ ಅಂತ. ಸ್ವಲ್ಪ ಹೊತ್ತಿಗೆ ಆ ತಟ್ಟೆಯಿಂದ ಮಳೆಯ ಸದ್ದು ಕೇಳಿತು. ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡು ಉಳಿದ ತಟ್ಟೆಗಳಿಗೂ ಹಾಕಿದಳು.

ಅವತ್ತಿನಿಂದ ದಿನಾ ಸೊಪ್ಪು ಬಂತು. ಬೇರೆಯವರೂ ಒಬ್ಬೊಬ್ಬರಾಗಿ ಇಳಿಸಿಕೊಂಡರು. ಆದರೂ ಮೊದಲ ಹೊರೆ ಪಿಳ್ಳಮ್ಮನಿಗೇ. ಕೂಲಿ ಕೇಳಲಿಲ್ಲ, ಕೊಟ್ಟರೆ ಮುಟ್ಟಲಿಲ್ಲ. ಪುಕ್ಕಟೆ ಕೆಲಸ ಮಾಡುವ ಸೊಣ್ಣಪ್ಪನನ್ನು ಊರು ಕಂಡೇ ಇರಲಿಲ್ಲ. ಹುಳ ದಪ್ಪವಾದಷ್ಟೂ ಪಿಳ್ಳಮ್ಮನ ಅನುಮಾನವೂ ದಪ್ಪವಾಯಿತು. ಇವನಿಗೆ ನನ್ನಿಂದ ಏನು ಬೇಕು? ನನ್ನ ಮುಖ ಯಾಕೆ ನೋಡುವುದಿಲ್ಲ?

ಹುಳ ಹಣ್ಣಾಗಿ ಗೂಡಿಗೆ ತಿರುಗುವ ಹಿಂದಿನ ದಿನ, ಕೊನೆಯ ದೊಡ್ಡ ಊಟ. ಅದು ತಪ್ಪಿದರೆ ಗೂಡು ತೆಳ್ಳಗೆ ಕಾಗದದ ಹಾಗಾಗುತ್ತದೆ. ಅವತ್ತು ಪಿಳ್ಳಮ್ಮ ಹುಳದ ಮನೆಗೆ ಬೀಗ ಹಾಕಿ ಕೆರೆಯ ಕಡೆ ಹೊರಟಳು. ಏರಿಯ ತಿರುವಲ್ಲಿ ತೂಬಿನ ಕಲ್ಲಿನ ಮರೆಗೆ ನಿಂತು, ಇವನು ದಾರಿಯಲ್ಲಿ ಆ ಗಂಟಿಗೆ ಏನು ಮಾಡುತ್ತಾನೆ ಅಂತ ನೋಡಿಯೇಬಿಡಬೇಕು. ಸ್ವಲ್ಪ ದೂರ ಹೋದವಳು ವಾಪಸ್ಸು ಬಂದು ಬೀಗ ಜಗ್ಗಿ ನೋಡಿದಳಂತೆ. ನಾನೂ ಅವನ ಹಾಗೇ ಆದೆನಲ್ಲ ಅಂತ ತನ್ನ ಮೇಲೇ ಸಿಟ್ಟು ಬಂತು.

ಸೊಣ್ಣಪ್ಪ ಸೊಪ್ಪು ಹೇರಿಕೊಂಡು ಬಂದ, ಬಂದ ವೇಗದಲ್ಲೇ ತಿರುವಿಗೆ ನುಗ್ಗಿದ. ಆ ಸೈಕಲ್ಲಿನ ಬ್ರೇಕಿನ ರಬ್ಬರು ಎತ್ತಿನ ಗಾಡಿಯ ಓಟಕ್ಕೆ ಅಂತ ಮಾಡಿದ್ದು. ಇಷ್ಟು ದಿನದ ಓಟಕ್ಕೆ ಸವೆದು ಕಬ್ಬಿಣ ಕಾಣುತ್ತಿತ್ತು. ಲೋಕದಲ್ಲಿ ಎಲ್ಲವನ್ನೂ ಅನುಮಾನಿಸಿದ ಸೊಣ್ಣಪ್ಪ ಅದೊಂದನ್ನು ಅನುಮಾನಿಸಲು ಮರೆತಿದ್ದ. ಬ್ರೇಕು ಹಿಡಿದ, ಹಿಡಿಯಲಿಲ್ಲ. ತೂಬಿನ ಕಲ್ಲಿಗೆ ಬಡಿದು ಅವನೊಂದು ಕಡೆ, ಸೈಕಲ್ಲೊಂದು ಕಡೆ.

ಪಿಳ್ಳಮ್ಮ ಓಡಿಬಂದಳು. ಸೊಣ್ಣಪ್ಪನ ಕಾಲು ಸೊಟ್ಟಗೆ ಮಡಚಿಕೊಂಡಿತ್ತು. ಅವಳು ಗದ್ದೆ ಬಯಲಿನ ಕಡೆ ಕೂಗು ಹಾಕಿದಳು, ಸೊಪ್ಪು ಕೊಯ್ಯುತ್ತಿದ್ದವರು ಕುಡುಗೋಲು ಬಿಟ್ಟು ಓಡಿಬಂದರು. ಸೊಪ್ಪಿನ ಮೂಟೆಗೆ ಏನೂ ಆಗಿರಲಿಲ್ಲ. ಗೋಣಿತಾಟು ಮಾತ್ರ ಹರಿದು ಬಾಯಿ ಬಿಟ್ಟಿತ್ತು.

"ಅದನ್ ಮುಟ್ಬ್ಯಾಡ ಪಿಳ್ಳಮ್ಮ," ಅಂದನಂತೆ ಸೊಣ್ಣಪ್ಪ, ಆ ನೋವಿನಲ್ಲೂ.

ಅವಳು ಮುಟ್ಟಲಿಲ್ಲ, ಬಗ್ಗಿ ನೋಡಿದಳು. ಎರಡು ಹಿತ್ತಾಳೆ ಚಕ್ರ. ಸವೆದಿರಲಿಲ್ಲ. ದೊಡ್ಡ ಚಕ್ರದ ಒಂದು ಹಲ್ಲು ಕೆಂಪಗಿತ್ತು. ಅವಳು ಹುಟ್ಟುವ ಮುಂಚೆ ಆ ಹಲ್ಲು ಮುರಿದು, ಅಕ್ಕಯ್ಯಮ್ಮ ತನ್ನ ತಾಮ್ರದ ಬಳೆ ಕೊಟ್ಟು ಕಂಚುಗಾರನಿಂದ ಬೆಸೆಸಿದ್ದ ಹಲ್ಲು. ಚಿಕ್ಕವಳಿದ್ದಾಗ ಪಿಳ್ಳಮ್ಮ ಚರಕದ ಪಕ್ಕ ಕೂತು, ಆ ಕೆಂಪು ಹಲ್ಲು ಮೇಲೆ ಬರುವುದನ್ನೇ ಕಾಯುತ್ತಿದ್ದಳು.

ಅವಳಿಗೆ ಎಲ್ಲ ಅರ್ಥವಾಯಿತು. ನೂಲು ಯಾಕೆ ಹರಿಯಿತು, ಯಾರ ಕೈ ಕೆಟ್ಟಿತ್ತು, ಮೊದಲ ಹೊರೆ ತನಗೇ ಯಾಕೆ ಬರುತ್ತಿತ್ತು. ಆ ಕ್ಷಣ ಅವನ ಇನ್ನೊಂದು ಕಾಲನ್ನೂ ಮುರಿಯುವಷ್ಟು ಕೋಪ ಬಂತಂತೆ. ಬರಬೇಕಾದದ್ದೇ. ಆದರೆ ಬಿಸಿಲು ಏರುತ್ತಿತ್ತು, ಬೆಟ್ಟದ ಮೇಲೆ ಹುಳಗಳು ತಲೆ ಎತ್ತಿ ಕಾಯುತ್ತಿದ್ದವು. ಅವಳು ಅವನನ್ನು ಓಡಿಬಂದವರ ಕೈಗೆ ಬಿಟ್ಟು, ಸೈಕಲ್ಲು ಎತ್ತಿ ನಿಲ್ಲಿಸಿ, ಹರಿದ ತಾಟನ್ನು ಕಿತ್ತು ಕೆರೆಗೆ ಎಸೆದು, ಸೀರೆ ಎತ್ತಿ ಕಟ್ಟಿ ಹತ್ತಿದಳು. ಹತ್ತುವ ದಾರಿಗೆ ಬ್ರೇಕು ಬೇಕಿರಲಿಲ್ಲ. ದಾರಿಯುದ್ದಕ್ಕೂ ಚಕ್ರಗಳು ಬಯಲಲ್ಲಿ ತಿರುಗಿದವು, ಕೆಂಪು ಹಲ್ಲು ಬಂದು ಬಂದು ಹೋಯಿತು. ಅಕ್ಕಯ್ಯಮ್ಮನೇ ಹಿಂದೆ ಕೂತು ನೂಕಿದಳು ಅಂತಲೂ ಹೇಳುತ್ತಾರೆ. ನಾನು ನೋಡಿಲ್ಲ, ಇಲ್ಲ ಅನ್ನಲೂ ಆರೆ.

ಹುಳ ಉಂಡವು, ಹಣ್ಣಾದವು, ಗೂಡು ಕಟ್ಟಿದವು. ಅಂಥ ಗೂಡು ಕಾಗೆಬಂಡೆ ಮತ್ತೆ ಕಂಡಿಲ್ಲವಂತೆ. ಪಿಳ್ಳಮ್ಮ ಒಂದು ಬುಟ್ಟಿ ಗೂಡು ತನಗೆ ಇಟ್ಟುಕೊಂಡು, ಅಟ್ಟದಿಂದ ಚರಕ ಇಳಿಸಿ, ಮರದ ಚಕ್ರ ಕಿತ್ತು ಹಿತ್ತಾಳೆಯವನ್ನು ಕೂರಿಸಿದಳು. ಸೊಣ್ಣಪ್ಪ ಊರುಗೋಲು ಊರಿಕೊಂಡು ಬಂದು ಹೊಸಲಾಚೆ ಕೂತ. ಅವಳು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನೂಲು ತೆಗೆದಳು. ಅಷ್ಟೂ ಗೂಡು ಮುಗಿಯುವವರೆಗೆ ಎಳೆ ಒಂದು ಕಡೆಯೂ ಹರಿಯಲಿಲ್ಲ.

"ಚಕ್ರ ಚೆನ್ನಾಗಿತ್ತು, ಆಸೆ ಬಿತ್ತು ಕಣವ್ವ," ಅಂದ ಸೊಣ್ಣಪ್ಪ. "ಕೊಡಾನ ಅಂದ್ರೆ ಬಾಯಿ ಬರ್ಲಿಲ್ಲ."

"ನಮ್ಮವ್ವನ ಕೈ ಕೆಟ್ಟಿರ್ಲಿಲ್ಲ," ಅಂದಳು ಪಿಳ್ಳಮ್ಮ. "ನಂಗೇಳ್ಬ್ಯಾಡ. ಊರಿಗೇಳೋಗು."

ಅವನು ಎದ್ದು ಮೊದಲ ಮನೆಗೆ ಹೋದ. ಅಕ್ಕಯ್ಯಮ್ಮನ ಕೈಯಲ್ಲಿ ತಪ್ಪಿರಲಿಲ್ಲ, ನನ್ನ ಕೈಯಲ್ಲಿತ್ತು ಅಂದ. ಎರಡನೇ ಮನೆಗೆ ಹೋದ, ಅದನ್ನೇ ಅಂದ. ಊರುಗೋಲು ಊರಿಕೊಂಡು ಊರೆಲ್ಲ ಹೀಗೇ ಹೇಳಿ ಬಂದನಂತೆ. ಆಮೇಲೆ ಸೈಕಲ್ಲಿಗೆ ಹೊಸ ಹಿತ್ತಾಳೆ ಚಕ್ರ ಎರಕ ಹೊಯ್ಸಿದ, ಬ್ರೇಕು ಬಲ ಮಾಡಿದ, ಬಾಗಿಲು ತೆರೆದಿಟ್ಟು ನಡುಬೀದಿಯಲ್ಲಿ ಕೂತು ಎಲ್ಲರಿಗೂ ತೋರಿಸಿದ. ಹಾಗಂತ ಅನುಮಾನ ಬಿಟ್ಟನೇ ಅಂದರೆ, ಇಲ್ಲ. ಸಾಯುವವರೆಗೂ ಬೀಗ ಜಗ್ಗುತ್ತಲೇ ಇದ್ದ.

ಈಗಲೂ ಕಾಗೆಬಂಡೆಯಲ್ಲಿ ಯಾವ ಸೈಕಲ್ಲಿನ ಚಕ್ರಕ್ಕೂ ಮುಚ್ಚಳ ಹಾಕುವುದಿಲ್ಲ. ಹಲ್ಲುಚಕ್ರದ ಒಂದು ಹಲ್ಲಿಗೆ ಕೆಂಪು ಬಳಿಯುತ್ತಾರೆ. ಏನನ್ನೇ ರಿಪೇರಿಗೆ ಕೊಟ್ಟರೂ ಕೊಟ್ಟವರು ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವಸ್ತುವನ್ನು ವಾಪಸ್ಸು ಕೊಡುವಾಗ ರಿಪೇರಿಯವನು ಮೊದಲು ಅವರ ಅಂಗೈ ಮುಟ್ಟಿ, ನಿಮ್ಮ ಕೈಯಲ್ಲಿ ತಪ್ಪಿಲ್ಲ ಅನ್ನಬೇಕು. ಅದನ್ನು ಹೇಳುವವರೆಗೆ ಆ ಊರಿನ ಮುದುಕಿಯರು ಕೈ ಚಾಚಿಕೊಂಡೇ ಕೂತಿರುತ್ತಾರೆ.