ಹಗುರಾದ ಪಲ್ಲಕ್ಕಿ

“ಉಸ್ತಾದರೇ, ನೋವು ಪೂರ್ತಿ ಹೋಗಿದೆ. ಇನ್ನೂ ಯಾಕೆ ಮಲಗಿಕೊಂಡು ಸೊಂಟ ಎತ್ತಿ ಇಳಿಸುತ್ತಿರಬೇಕು?”

ಕೇಳಿದವನು ಪುಟ್ಟನಂಜ. ಗರಡಿಯ ಗುಂಡುಕಲ್ಲು ಎತ್ತಲು ಹೋಗಿ ಸೊಂಟ ಉಳುಕಿಸಿಕೊಂಡು ಆರು ವಾರವಾಗಿತ್ತು. ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟವನ್ನಷ್ಟೇ ಮೇಲೆತ್ತಿ ಹತ್ತು ಉಸಿರಾಡುವಷ್ಟು ಹೊತ್ತು ಹಾಗೇ ಹಿಡಿದಿರಬೇಕು, ದಿನಕ್ಕೆ ಎರಡು ಹೊತ್ತು, ಮೂರು ತಿಂಗಳು ಎಂದು ಉಸ್ತಾದ್ ದ್ಯಾವಪ್ಪನವರು ಹೇಳಿದ್ದರು. ಈಗ ನಾಲ್ಕು ದಿನದಿಂದ ನೋವಿಲ್ಲ. ಭಾನುವಾರ ಕುಸ್ತಿಗೆ ಜೋಡಿ ಕಟ್ಟುತ್ತಾರೆ. ತಪ್ಪಿದರೆ ಇನ್ನು ಮುಂದಿನ ವರ್ಷವೇ. ಪುಟ್ಟನಂಜ ಬೆಳಗ್ಗೆಯಿಂದ ಒಂದು ಕಡೆ ಕೂತಿರಲಿಲ್ಲ. ಉಸ್ತಾದರು ನೋಡಲಿ ಎಂದು ಗರಡಿಯ ಸುತ್ತ ಎರಡು ಸಲ ಓಡಿಯೂ ಬಂದಿದ್ದ.

ಉಸ್ತಾದರು ನೋಡಿದ್ದರು. ಅವನನ್ನು ಕೂರಿಸಿ ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಸಂತೆಯಿಂದ ಸಂತೆಗೆ ಪಲ್ಲಕ್ಕಿಯಲ್ಲೇ ಹೋಗುತ್ತಿದ್ದ. ನಡೆದು ಬಂದವನ ಮಾಲನ್ನು ಜನ ಮುಟ್ಟಿಯೂ ನೋಡುವುದಿಲ್ಲ ಎಂಬುದು ಅವನ ಅನುಭವ. ಹೊರುವವರು ನಾಲ್ವರು, ಮುಂದೆ ಇಬ್ಬರು, ಹಿಂದೆ ಇಬ್ಬರು. ಅವರಲ್ಲೊಬ್ಬ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ವೈದ್ಯ ಅವನಿಗೂ ಇದೇ ಸೊಂಟ ಎತ್ತುವ ಸಾಧನೆ ಹೇಳಿದ, ಇದೇ ಮೂರು ತಿಂಗಳು. ಒಂದು ತಿಂಗಳಾದ ಮೇಲೆ ಅವನು ಕೆಲಸಕ್ಕೆ ಮರಳಿದ.

ಹೊರುವವರಲ್ಲಿ ಒಂದು ಪದ್ಧತಿಯಿತ್ತು. ಪೆಟ್ಟು ತಿಂದು ಬಂದವನ ಪಾಲನ್ನು ಉಳಿದ ಮೂವರು ಸರದಿಯ ಮೇಲೆ ಹೊರಬೇಕು. ಪಕ್ಕದವನು ತನ್ನ ಹೆಗಲ ಬಟ್ಟೆಯನ್ನು ಎರಡು ಬೆರಳು ದಪ್ಪ ಮಡಚಿಕೊಂಡರೆ ಸಾಕು, ಪಲ್ಲಕ್ಕಿಯ ದಂಡಿಗೆಮರ ಇವನ ಹೆಗಲಿಗೆ ತಾಗಿಯೂ ತಾಗದಂತಿರುತ್ತದೆ. ಆದರೆ ಅದನ್ನು ಇವನಿಗೆ ಹೇಳುವಂತಿಲ್ಲ. ಹೇಳಿದರೆ ನಾಚಿಕೊಂಡು ಹೆಚ್ಚು ಹೊರಲು ಹೋಗುತ್ತಾನೆ.

ಮೊದಲ ದಿನ ಅವನಿಗೆ ಪಲ್ಲಕ್ಕಿ ಹಗುರವೆನಿಸಿತು. ಮೂರನೆಯ ದಿನ ಅದು ಇದೆಯೋ ಇಲ್ಲವೋ ಎಂದು ತಿರುಗಿ ನೋಡಿದ. ಸೊಂಟ ಮೊದಲಿಗಿಂತ ಗಟ್ಟಿಯಾಗಿದೆ, ಬಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡ. ಆದರೂ ಪ್ರಾಮಾಣಿಕ ಮನುಷ್ಯ, ಒಂದು ಸಂಶಯ ಉಳಿಯಿತು.

“ಸಾಹುಕಾರರೇ, ಮೈಗೆ ಹುಷಾರಿಲ್ಲವೇ? ತುಂಬ ಇಳಿದುಹೋಗಿದ್ದೀರಿ.”

“ಹೋದ ತಿಂಗಳು ಹೊಲಿಸಿದ ಅಂಗಿಯ ಗುಂಡಿ ಹಾಕಲಾಗುತ್ತಿಲ್ಲ ಕಣಯ್ಯ. ನೀನು ದಾರಿ ನೋಡಿಕೊಂಡು ನಡಿ.”

ಸಂಶಯ ತೀರಿತು. ಶಕ್ತಿ ತನ್ನದೇ. ಇಂಥ ಸೊಂಟಕ್ಕೆ ಸಾಧನೆ ಮಾಡಿಸುವುದು ಅದಕ್ಕೆ ಅವಮಾನವೆನಿಸಿ, ಅಂದೇ ಬಿಟ್ಟುಬಿಟ್ಟ. ಮರುದಿನದಿಂದ ಅವನ ನಡಿಗೆ ಓಟವಾಯಿತು. “ಏನ್ರಪ್ಪ, ಉಂಡಿಲ್ಲವೇನು? ಮುದುಕರ ಹಾಗೆ ಏದುಸಿರು ಬಿಡ್ತೀರಲ್ಲ” ಎಂದು ಉಳಿದವರನ್ನು ಹುರಿದುಂಬಿಸಿದ. ಮೂವರೂ ಮುಖ ಮುಖ ನೋಡಿಕೊಂಡರು. ಪದ್ಧತಿ ಪದ್ಧತಿಯೇ. ಯಾರೂ ಬಾಯಿ ಬಿಡಲಿಲ್ಲ.

ದಾರಿಯಲ್ಲಿ ಒಂದು ಹಳ್ಳ ಬಂತು. ಮೇಲೆ ಎರಡು ಹಲಗೆಯ ಸೇತುವೆ. ಅಕ್ಕಪಕ್ಕ ಇಬ್ಬರು ನಡೆಯಲಾಗದು. ಅಲ್ಲಿ ವ್ಯಾಪಾರಿ ಇಳಿದು ನಡೆಯುವುದು ವಾಡಿಕೆ.

“ಇಳಿಯಬೇಡಿ ಸಾಹುಕಾರರೇ, ಕೂತೇ ಇರಿ. ಮುಂದೆ ನಾನೊಬ್ಬನೇ ಸಾಕು, ಹಿಂದೆ ಒಬ್ಬರು ಹಿಡಿದರಾಯಿತು.”

ವ್ಯಾಪಾರಿಗೆ ಸಂತೋಷವಾಯಿತು. ಪಕ್ಕದವನು ಏನೋ ಹೇಳಲು ಹೋಗಿ, ಹೇಳದೆ, ಹೆಗಲು ತೆಗೆದು ಹಿಂದೆ ಸರಿದ. ಇವನು ಕೇಕೆ ಹಾಕಿ ಹಲಗೆಯ ಮೇಲೆ ಕಾಲಿಟ್ಟ. ಮೊದಲ ಹೆಜ್ಜೆಯಲ್ಲಿ ಆ ವ್ಯಾಪಾರಿಯ ನಿಜವಾದ ತೂಕ, ಒಂದು ತಿಂಗಳ ಹೊಸ ಹೊಟ್ಟೆಯ ಸಮೇತ, ಅವನ ಸೊಂಟಕ್ಕೆ ಪರಿಚಯವಾಯಿತು. ಎರಡನೆಯ ಹೆಜ್ಜೆಗೆ ಅವನು ಕೂತುಬಿಟ್ಟ. ವ್ಯಾಪಾರಿಯನ್ನು ಹಳ್ಳದಿಂದ ಎತ್ತಿ ಒಣಗಿಸಿದರು. ಇವನನ್ನು ಅದೇ ಪಲ್ಲಕ್ಕಿಯಲ್ಲಿ ಮನೆಗೆ ಹೊತ್ತುಕೊಂಡು ಹೋದರು. ಆಮೇಲೆ ಅವನು ಯಾವ ಪಲ್ಲಕ್ಕಿಗೂ ಹೆಗಲು ಕೊಡಲಿಲ್ಲ.

ಪುಟ್ಟನಂಜನಿಗೆ ತಡೆಯಲಾಗಲಿಲ್ಲ. “ಆ ಮೂವರದೇ ತಪ್ಪು, ಉಸ್ತಾದರೇ. ಭಾರ ನಾವು ಹೊರುತ್ತಿದ್ದೇವೆ ಅಂತ ಒಂದು ಮಾತು ಹೇಳಿದ್ದರೆ, ಅವನು ಸಾಧನೆ ಬಿಡುತ್ತಲೇ ಇರಲಿಲ್ಲ.”

ಉಸ್ತಾದರು ಚಾಪೆಯನ್ನು ಅವನ ಕಡೆ ಸರಿಸಿದರು.

“ನಿನ್ನ ಸೊಂಟದ ಪಾಲು ಹೊರುತ್ತಿರುವ ತೊಡೆಗಳೂ ಹೆಗಲುಗಳೂ ಅಷ್ಟೇ ಮರ್ಯಾದೆಯವು ಕಣೋ, ಅವೂ ಹೇಳುವುದಿಲ್ಲ.”