ತೂಬಿನ ಮೇಲಿನ ಕಲ್ಲು

"ಕೇಳಿರಪ್ಪೋ ಕೇಳಿ! ಅರಸು ಏಚರಸರ ಮಗಳು ಜಕ್ಕಲದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಬೇಡಿದ್ದು ಅವನಿಗೆ, ಮಗಳನ್ನು ಬೇಡಿದರೆ ಮಗಳೂ. ಒಂದು ತಪ್ಪಿದರೂ ಅವನ ತಲೆ ಕೋಟೆಬಾಗಿಲಿಗೆ!"

ಒಗಟು ಮಗಳದು, ತಲೆಯ ಷರತ್ತು ಅಪ್ಪನದು. ಡಂಗುರ ಹೊರಟು ವರ್ಷ ತುಂಬುವಷ್ಟರಲ್ಲಿ ಕಲ್ಗುಣಿಯ ಕೋಟೆಬಾಗಿಲ ಮೇಲೆ ಒಂಬತ್ತು ತಲೆಗಳಿದ್ದವು. ಎಲ್ಲವೂ ಒಳ್ಳೆಯ ಮನೆತನದವು.

ನೀರಗಂಟಿ ಬೈಚ ಅವುಗಳ ಕೆಳಗೆ ಹಾದು ಒಳಗೆ ಬಂದ. ಕೆರೆಯ ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಅವನಿಗೆ ರಾಜಕುಮಾರಿ ಬೇಕಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಕೆರೆ ಒಡೆಯದಂತೆ ಊರನ್ನು ಕಾಪಾಡಿದ್ದಕ್ಕೆಂದು ಏಚರಸರು ತಮಗೆ ತಾವೇ ಒಂದು ವೀರಗಲ್ಲು ನಿಲ್ಲಿಸಿಕೊಂಡಿದ್ದರು. ವೀರಗಲ್ಲು ಸತ್ತವರಿಗೆ ನಿಲ್ಲಿಸುವುದು ಎಂದು ನೆನಪಿಸುವ ಧೈರ್ಯ ಆಸ್ಥಾನದಲ್ಲಿ ಯಾರಿಗೂ ಇರಲಿಲ್ಲ. ಊರಿಗೆಲ್ಲ ಕಾಣಲಿ ಎಂದು ಅದನ್ನು ನೆಟ್ಟದ್ದು ದೊಡ್ಡ ತೂಬಿನ ಚಪ್ಪಡಿಯ ಮೇಲೆ, ತೂಬಿನ ಗೂಟ ಎತ್ತುವ ಕಿಂಡಿಗೆ ಸರಿಯಾಗಿ. ಇಷ್ಟು ವರ್ಷ ಸಣ್ಣ ತೂಬಿನಲ್ಲೇ ಕೆಲಸ ಸಾಗಿತ್ತು. ಈ ಸಲದ ಮಳೆಗೆ ಕೆರೆ ಏರಿಯ ಅಂಚಿಗೆ ಒಂದು ಮೊಳ ಬಾಕಿ ಇಟ್ಟು ತುಂಬಿತ್ತು. ಕಲ್ಲು ಕೀಳಿಸಿ ಎಂದು ಕೇಳಲು ಬೈಚ ನಾಲ್ಕು ಸಲ ಬಂದು ಅರಮನೆಯ ಬಾಗಿಲಿನಿಂದಲೇ ಹಿಂತಿರುಗಿದ್ದ. ಐದನೆಯ ಸಲ, ಒಗಟು ಬಿಡಿಸಲು ಬಂದೆ ಎಂದ. ಕೂಡಲೇ ಒಳಗೆ ಬಿಟ್ಟರು.

ಅವನಿಗಿಂತ ಮುಂದೆ ಇಬ್ಬರು ದೊರೆಮಕ್ಕಳಿದ್ದರು.

"ಎಲ್ಲರೂ ಬಾಗಿಲು ಹಾಕಿಕೊಂಡ ದಿನ, ಒಂದೇ ಒಂದು ಬಾಗಿಲು ತೆರೆದದ್ದರಿಂದ ಊರು ಉಳಿಯಿತು. ಯಾವ ಬಾಗಿಲು?" ಎಂದಳು ಜಕ್ಕಲದೇವಿ.

"ಸ್ವರ್ಗದ ಬಾಗಿಲು," ಎಂದ ಮೊದಲನೆಯವನು.

"ತಪ್ಪು."

"ತಮ್ಮ ತಂದೆಯವರ ಕಣಜದ ಬಾಗಿಲು," ಎಂದ ಎರಡನೆಯವನು. ಏಚರಸರು ಮೀಸೆಯಲ್ಲೇ ನಕ್ಕರು.

"ತಪ್ಪು."

ಇಬ್ಬರನ್ನೂ ಹೊರಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ತಲೆ ಕಡಿಯುವ ಚೌಡ ಒಬ್ಬನೇ ಬಂದ, ಕತ್ತಿ ಒರೆಸಿಕೊಳ್ಳುತ್ತ.

ಬೈಚನಿಗೆ ಭಯಕ್ಕಿಂತ ಬೆರಗು ಹೆಚ್ಚಾಯಿತು. ಇದನ್ನು ಕೇಳಲಿಕ್ಕೆ ಹನ್ನೊಂದು ಜನರ ತಲೆಯೇ?

"ತೂಬು, ಅಮ್ಮಣ್ಣೀ," ಎಂದ.

ರಾಜಕುಮಾರಿ ಎದ್ದು ನಿಂತಳು. "ಶತ್ರುವಿಗೆ ಕೈಯಿಲ್ಲ, ಕಾಲಿಲ್ಲ. ಎದುರಿಸಿದ ಜೀವದ ಕೈಯಲ್ಲಿ ಕತ್ತಿಯಿಲ್ಲ. ಗೆದ್ದರೂ ಆ ಜೀವ ಮನೆಗೆ ಬರಲಿಲ್ಲ. ಯಾವ ಯುದ್ಧ?"

"ಕೆರೆಯ ನೀರಿನ ಜೊತೆ ಆದದ್ದು. ಆವತ್ತು ಗೂಟ ಮುರಿದಿತ್ತು, ಮುಳುಗಿಯೇ ತೂಬಿನ ಬಾಯಿಗೆ ಬಡಿದ ಬೆಣೆ ಕೀಳಬೇಕಿತ್ತು. 'ಒಲೆ ಮೇಲೆ ಅನ್ನ ಇದೆ ಕಣೋ, ಸೀಯದ ಹಾಗೆ ನೋಡ್ಕೋ' ಅಂತ ಹೇಳಿ ಹೋದಳು. ಬೆಣೆ ಬಂತು, ಅವಳು ಬರಲಿಲ್ಲ. ಅನ್ನ ಸೀದುಹೋಯಿತು."

ಏಚರಸರ ನಗು ಎಲ್ಲಿತ್ತೋ ಅಲ್ಲೇ ನಿಂತಿತು.

"ಊರು ದಿನವೂ ಅವಳು ಉಳಿಸಿಕೊಟ್ಟದ್ದನ್ನು ಉಣ್ಣುತ್ತದೆ. ಈ ಅರಮನೆಯಲ್ಲಿ ಅವಳ ಹೆಸರು ಯಾರೂ ಎತ್ತಿಲ್ಲ," ಎಂದಳು ಜಕ್ಕಲದೇವಿ. "ಹೆಸರೇನು?"

"ಸೋವಕ್ಕ. ನಮ್ಮವ್ವ."

"ಸರಿಯೋ ತಪ್ಪೋ, ದೇವಿ?" ಎಂದು ಮಂತ್ರಿ ಕೇಳಿದ.

"ಮೊದಲೆರಡು ಸರಿ. ಮೂರನೆಯದು ನನಗೂ ಗೊತ್ತಿಲ್ಲ."

ಅವಳು ಸಭೆಯ ಕಡೆ ತಿರುಗಿದಳು.

"ನಾನಾಗ ಎಂಟು ವರ್ಷದವಳು. ಉಪ್ಪರಿಗೆಯಿಂದ ನೋಡಿದೆ. ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು ನೀರಿಗಿಳಿದಳು. ಅಪ್ಪ ಆಗ ಕುದುರೆ ಹತ್ತಿ ಬೆಟ್ಟದ ದಾರಿ ಹಿಡಿದಿದ್ದರು. ಅವಳು ಯಾರೆಂದು ತಿಳಿಯಲಿಕ್ಕೇ ಈ ಒಗಟು."

"ಸೋವಕ್ಕನೇ, ಬುದ್ಧಿ," ಎಂಬ ದನಿ ಬಾಗಿಲ ಬಳಿಯಿಂದ ಬಂತು. ಚೌಡ. "ನನ್ನ ಹೆಂಡತಿ ಮಕ್ಕಳು ಆವತ್ತು ಕೆರೆ ಕೆಳಗಿನ ಕೇರಿಯಲ್ಲೇ ಇದ್ದರು. ನಮ್ಮಲ್ಲಿ ಎಲ್ಲರಿಗೂ ಗೊತ್ತು."

"ನಿನಗೆ ಗೊತ್ತಿತ್ತೇ?" ಎಂದಳು ಜಕ್ಕಲದೇವಿ. "ಮತ್ತೆ ಯಾಕೆ ಹೇಳಲಿಲ್ಲ?"

"ನನ್ನನ್ನು ಯಾರು ಕೇಳಿದರು, ಅಮ್ಮಣ್ಣೀ? ಕಡಿ ಅಂದರು, ಕಡಿದೆ."

ಬೈಚನಿಗೆ ತಡೆಯಲಾಗಲಿಲ್ಲ. "ಕೇರಿಗೆ ಒಬ್ಬ ದಾಸಿಯನ್ನು ಕಳಿಸಿದ್ದರೆ ಸಾಕಿತ್ತಲ್ಲ!"

"ಅರಮನೆಯವರು ಏನು ಕೇಳುವುದಿದ್ದರೂ ಡಂಗುರ ಹೊಡೆಸಿಯೇ..." ಎಂದು ಶುರುಮಾಡಿದ ಜಕ್ಕಲದೇವಿ ಅಲ್ಲಿಗೇ ನಿಲ್ಲಿಸಿದಳು. ಕಿಟಕಿಯಿಂದ ಕೋಟೆಬಾಗಿಲು ಕಾಣುತ್ತಿತ್ತು. ಅತ್ತ ಅವಳು ಸರಿಯಾಗಿ ನೋಡಿದ್ದು ಅದೇ ಮೊದಲು.

ಏಚರಸರು ಬೈಚನನ್ನು ಸಣ್ಣ ದನಿಯಲ್ಲಿ ಕೇಳಿದರು. "ಏನು ಬೇಕು ನಿನಗೆ?"

"ತೂಬಿನ ಮೇಲಿನ ಕಲ್ಲು ಕೀಳಿಸಿ. ಈಗಲೇ, ಮೋಡ ಕಟ್ಟಿದೆ. ಬಾಗಿಲ ಮೇಲಿರುವವರನ್ನೂ ಇಳಿಸಿ, ಅವರಿಗೂ ಅವ್ವಂದಿರಿದ್ದಾರೆ."

"ರಾಜಕುಮಾರಿ?" ಎಂದು ಮಂತ್ರಿ ನೆನಪಿಸಿದ.

"ಬೇಡ ಸ್ವಾಮಿ. ಒಂದು ಹೆಸರು ಕೇಳಲಿಕ್ಕೆ ಹನ್ನೊಂದು ಜನರನ್ನು ಕೊಲ್ಲುವ ಮನೆಯ ಸಂಬಂಧ ನಮ್ಮ ಕಡೆ ಮಾಡುವುದಿಲ್ಲ."

ಆ ಮಧ್ಯಾಹ್ನವೇ ಬಾಗಿಲ ಮೇಲಿನ ತಲೆಗಳನ್ನು ಇಳಿಸಿದರು, ಹತ್ತು ಜೋಡಿ ಎತ್ತು ಕಟ್ಟಿ ಕಲ್ಲು ಕಿತ್ತರು. ಬೈಚ ಗೂಟ ಎತ್ತಿದ. ಹನ್ನೆರಡು ವರ್ಷ ಕಟ್ಟಿದ್ದ ತೂಬು ಕೆಸರು ಉಗುಳಿ ಹರಿಯಿತು. ಸಂಜೆ ಬಂದ ಮಳೆಗೆ ಕೆರೆಯ ಏರಿ ಜಗ್ಗಲಿಲ್ಲ. ಕೆರೆಯ ಕೆಳಗಿನ ಎರಡು ಗದ್ದೆ ಬೈಚನಿಗೆ ಉಂಬಳಿಯಾಗಿ ಬಂದವು. ಅವನ್ನು ಅವನು ಬೇಡವೆನ್ನಲಿಲ್ಲ.

ಕಲ್ಲನ್ನು ಎಸೆಯಲಿಲ್ಲ. ಹಿಂದುಮುಂದಾಗಿಸಿ ಏರಿಯ ಮೇಲೆ ನೆಟ್ಟರು. ಅದರಲ್ಲಿ ಕೆತ್ತಿದ್ದ, ಕುದುರೆಯೇರಿದ ಏಚರಸರ ಮುಖ ಈಗ ನೀರಿನ ಕಡೆಗೆ. ಊರಿನ ಕಡೆಗಿದ್ದ ಬೋಳು ಬೆನ್ನಿಗೆ ಕಲ್ಲುಕುಟಿಗ ಉಳಿ ಹಿಡಿದ ದಿನ, ಜಕ್ಕಲದೇವಿ ಡಂಗುರವಿಲ್ಲದೆ ನಡೆದುಕೊಂಡು ಬಂದಳು.

"ಏನು ಕೆತ್ತಿಸಬೇಕು?" ಎಂದು ಬೈಚನನ್ನೇ ಕೇಳಿದಳು.

ಸೆರಗು ಸಿಕ್ಕಿಸಿದ ಹೆಂಗಸು ಇಂದಿಗೂ ಅಲ್ಲಿದ್ದಾಳೆ. ಕತ್ತಿಯಿಲ್ಲ, ಸ್ವರ್ಗಕ್ಕೆ ಹೊತ್ತೊಯ್ಯುವ ಅಪ್ಸರೆಯರಿಲ್ಲ. ಕಾಲ ಬಳಿ ಒಂದು ಒಲೆ, ಅದರ ಮೇಲೊಂದು ಅನ್ನದ ಗಡಿಗೆ.